ಮರೀನಾಗೆ ಹೋದ್ರೆ ಒಂದು ಸಲ ಸಮುದ್ರಕ್ಕೆ ಬೆನ್ನು ಹಾಕಿ ನಡೀರಿ

ಹೋದ ಸಂಚಿಕೇಲಿ ಒಬ್ಬರು "ಮದ್ರಾಸಲ್ಲಿ ಮರೀನಾ ಬೀಚ್ ಬಿಟ್ರೆ ಆ ಕಡೆ ಇನ್ನೇನಿದೆ" ಅಂತ ಕೇಳಿದ್ರು, ಜಾಗ ಸಾಲದೆ ನಾನು ಎರಡೇ ಸಾಲಲ್ಲಿ "ಬೀಚ್ ಹಿಂದೆ ತಿರುವಲ್ಲಿಕ್ಕೇಣಿ ಇದೆ, ಅಂದ್ರೆ ಟ್ರಿಪ್ಲಿಕೇನ್, ಅದರ ಬೀದಿಗಳಲ್ಲಿ ನಡೀರಿ" ಅಂತ ಬರೆದು ಮುಗಿಸಿದ್ದೆ. ಅದಕ್ಕೆ ನಮ್ಮ ಕೋಲಾರ ಜಿಲ್ಲೆಯಿಂದಾನೇ ಇಷ್ಟೊಂದು ಕಾಗದ, ಇಷ್ಟೊಂದು ವಾಟ್ಸಾಪ್ ಮೆಸೇಜ್ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಕೆಲಸದ ಮೇಲೆ ಮೂರು ವರ್ಷ ಅಲ್ಲೇ ಒಂದು ಮ್ಯಾನ್ಷನ್ ರೂಮಲ್ಲಿ ಇದ್ದವನು ನಾನು, ಆ ಬೀದಿಗಳು ಅಂದ್ರೆ ನನಗೆ ತುಂಬಾ ಪ್ರೀತಿ, ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಇದಕ್ಕೇ ಇಟ್ಟಿದ್ದೀನಿ.

ವರ್ಷಕ್ಕೊಂದು ಸಲ ಫ್ಯಾಮಿಲಿ ಕರ್ಕೊಂಡು ಮದ್ರಾಸಿಗೆ ಹೋಗ್ತೀವಿ ಸಾರ್. ಬೆಳಿಗ್ಗೆ ಟ್ರೈನ್ ಹತ್ತಿ ಮಧ್ಯಾಹ್ನ ಇಳಿದು, ಮರೀನಾದಲ್ಲಿ ಕಾಲು ತೋಯ್ಸಿ, ಎಂಜಿಆರ್ ಸಮಾಧಿ, ಜಯಲಲಿತಾ ಸಮಾಧಿ ನೋಡಿ, ಬಜ್ಜಿ ತಿಂದು ವಾಪಸ್. ನಾಲ್ಕು ಸಲ ಇದೇ ಆಯ್ತು. ಐದನೇ ಸಲಕ್ಕೆ ಬೇರೆ ಏನಾದ್ರೂ ಹೇಳಿ. — ಬಂಗಾರಪೇಟೆಯ ಓದುಗರು

ನಾಲ್ಕು ಸಲ ಹೋಗಿ ಐದನೇ ಸಲಾನೂ ಹೊರಟಿದ್ದೀರಾ ಅಂದ್ರೆ ಸಮುದ್ರದ ಮೇಲಿನ ಆಸೆ ಇನ್ನೂ ಹಾಗೇ ಇದೆ ಅಂತಾಯ್ತು. ನಮ್ಮ ಕಡೆಯವರೇ ಹಾಗೆ, ವರ್ಷಪೂರ್ತಿ ಹರಿಯೋ ನದಿ ನೋಡದ ಜಿಲ್ಲೆ ನಮ್ದು, ಕೆರೆ ಕೋಡಿ ಬಿದ್ರೆ ಊರಿಗೆ ಊರೇ ನೋಡೋಕೆ ಹೋಗ್ತೀವಿ, ಅಂಥವರ ಮುಂದೆ ಅಷ್ಟು ನೀರು ಇದ್ರೆ ಬೇರೆ ಕಡೆ ಕಣ್ಣು ಹೋಗೋದಾದ್ರೂ ಹೇಗೆ.

ಮೊದಲನೆ ಮಾತು, ಮಧ್ಯಾಹ್ನ ಇಳಿಯೋ ಪ್ಲಾನ್ ಬಿಡಿ. ಚೆನ್ನೈ ಬಿಸಿಲಲ್ಲಿ ಮಧ್ಯಾಹ್ನದ ಮರಳಿನ ಮೇಲೆ ಕಾಲಿಡೋಕೂ ಆಗಲ್ಲ, ಮಕ್ಕಳು ಅಳ್ತಾವೆ, ದೊಡ್ಡವರು ಬೈಕೊಳ್ತಾರೆ. ಹಿಂದಿನ ದಿನವೇ ಹೋಗಿ ರಾತ್ರಿ ಉಳಿದು, ಬೆಳಿಗ್ಗೆ ಐದೂವರೆಗೆಲ್ಲಾ ಬೀಚಲ್ಲಿರಿ. ಗೋಕರ್ಣ, ಮಲ್ಪೆ ಕಡೆ ಸೂರ್ಯ ಮುಳುಗೋದನ್ನ ನೋಡ್ತೀವಲ್ಲ, ಇಲ್ಲಿ ಸಮುದ್ರ ಇರೋದು ಮೂಡಣಕ್ಕೆ, ಸೂರ್ಯ ನೀರಿಂದ ಎದ್ದು ಬರ್ತಾನೆ. ಆ ಹೊತ್ತಲ್ಲಿ ಮರೀನಾದಲ್ಲಿ ಟೂರಿಸ್ಟ್ ಕಮ್ಮಿ, ವಾಕಿಂಗ್ ಬರೋರು, ಕುದುರೆ ತೊಳೆಯೋರು, ಬಲೆ ಬಿಡಿಸ್ತಾ ಕೂತಿರೋರು, ಇಷ್ಟೇ.

ಸೂರ್ಯ ಮೇಲೆ ಬಂದ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ, ರೋಡ್ ದಾಟಿ. ಎದುರಿಗೆ ಮುಂಭಾಗ ಗುಂಡಗಿರೋ ಒಂದು ಬಿಲ್ಡಿಂಗ್ ಕಾಣುತ್ತೆ, ಈಗ ಅದಕ್ಕೆ ವಿವೇಕಾನಂದ ಹೌಸ್ ಅಂತಾರೆ, ಸುತ್ತಮುತ್ತಲಿನ ಜನ ಈಗಲೂ ಐಸ್‌ಹೌಸ್ ಅಂತಾನೇ ಕರೀತಾರೆ, ಅದರ ಕಥೆ ಕೆಳಗೆ ಬರೆದಿದ್ದೀನಿ. ಅದರ ಪಕ್ಕದ ರೋಡಲ್ಲಿ ಒಳಗೆ ಹೋಗಿ ಬಲಕ್ಕೆ ತಿರುಗಿದ್ರೆ ಪಾರ್ಥಸಾರಥಿ ದೇವಸ್ಥಾನದ ಬೀದಿಗಳು, ಹತ್ತು ಹದಿನೈದು ನಿಮಿಷದ ನಡಿಗೆ ಅಷ್ಟೇ. ದಾರಿ ತಪ್ಪಿದ್ರೂ ಪರವಾಗಿಲ್ಲ, ಯಾರನ್ನಾದ್ರೂ "ಪೆರುಮಾಳ್ ಕೋಯಿಲ್" ಅಂತ ಕೇಳಿ, ಕೈ ಹಿಡ್ಕೊಂಡು ಹೋಗಿ ಬಿಟ್ಟು ಬರ್ತಾರೆ.

ದೇವಸ್ಥಾನ ಪಲ್ಲವರ ಕಾಲದ್ದು, ಎಂಟನೇ ಶತಮಾನದ್ದು, ವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಒಳಗೆ ಮೂಲಮೂರ್ತಿ ಕೃಷ್ಣನಿಗೆ ಮೀಸೆ ಇದೆ. ಕೃಷ್ಣನಿಗೆ ಮೀಸೆ ಇರೋದನ್ನ ನೀವು ಬೇರೆ ಎಲ್ಲೂ ಅಷ್ಟಾಗಿ ನೋಡಿರಲ್ಲ. ಕುರುಕ್ಷೇತ್ರದಲ್ಲಿ ಅರ್ಜುನನ ರಥ ಹೊಡೆದ ಸಾರಥಿ ಅಲ್ವಾ, ಉತ್ಸವ ಮೂರ್ತಿಯ ಮುಖದ ಮೇಲೆ ಭೀಷ್ಮನ ಬಾಣ ತಾಗಿದ ಗಾಯದ ಗುರುತುಗಳಿವೆ. ಇಡೀ ಮಹಾಭಾರತದಲ್ಲಿ ಕೃಷ್ಣ ಗಾಯ ಮಾಡ್ಕೊಂಡಿದ್ದನ್ನ ನೆನಪಿಟ್ಕೊಂಡು ಅದನ್ನೇ ಪೂಜೆ ಮಾಡೋ ಜಾಗ ಅಂತ ನನಗೆ ಆ ಮುಖ ನೋಡಿದಾಗಲೆಲ್ಲ ಮನಸ್ಸು ತುಂಬಿ ಬರೋದು. ಇನ್ನೊಂದು ಗಮನಿಸಿ, ದೇವಸ್ಥಾನಕ್ಕೆ ಎರಡು ಧ್ವಜಸ್ತಂಭ. ಪೂರ್ವಕ್ಕೆ ಮುಖ ಮಾಡಿರೋ ಪಾರ್ಥಸಾರಥಿಗೆ ಒಂದು, ಹಿಂದೆ ಪಶ್ಚಿಮಕ್ಕೆ ತಿರುಗಿ ಕೂತಿರೋ ನರಸಿಂಹನಿಗೆ ಒಂದು. ಎಷ್ಟೋ ಜನ ಮುಂದಿನ ಬಾಗಿಲಲ್ಲಿ ದರ್ಶನ ಮಾಡಿ ಹಾಗೇ ಬಂದುಬಿಡ್ತಾರೆ, ಹಿಂದಿನ ಬಾಗಿಲ ಕಡೆ ಹೋಗೋದೇ ಇಲ್ಲ. ನೀವು ಹೋಗಿ.

ಮುಂದೆ ಇರೋ ಕೊಳಕ್ಕೆ ಕೈರವಿಣಿ ಅಂತ ಹೆಸರು. ತಮಿಳಲ್ಲಿ "ಅಲ್ಲಿ" ಅಂದ್ರೆ ನೈದಿಲೆ, "ಕೇಣಿ" ಅಂದ್ರೆ ಕೊಳ, "ತಿರು ಅಲ್ಲಿ ಕೇಣಿ" ಅಂದ್ರೆ ನೈದಿಲೆ ಕೊಳದ ಊರು. ಬ್ರಿಟಿಷರ ಬಾಯಲ್ಲಿ ಅದೇ ಟ್ರಿಪ್ಲಿಕೇನ್ ಆಯ್ತು.

ಪಕ್ಕದಲ್ಲೇ ತುಳಸಿಂಗ ಪೆರುಮಾಳ್ ಕೋಯಿಲ್ ಬೀದಿಯಲ್ಲಿ ಕವಿ ಸುಬ್ರಹ್ಮಣ್ಯ ಭಾರತಿ ಕೊನೆಗಾಲದಲ್ಲಿ ಇದ್ದ ಮನೆ ಇದೆ, ಈಗ ಸ್ಮಾರಕ. ದಿನಾ ಹಣ್ಣು ಕೊಡ್ತಿದ್ದ ಇದೇ ದೇವಸ್ಥಾನದ ಆನೆ ಒಂದು ದಿನ ಅವರನ್ನ ಕೆಳಗೆ ಬೀಳಿಸ್ತು, ಆ ಪೆಟ್ಟಿಂದ ಎದ್ದರೂ ಆರೋಗ್ಯ ಸರಿಹೋಗದೆ 1921ರ ಸೆಪ್ಟೆಂಬರಲ್ಲಿ ತೀರಿಕೊಂಡ್ರು, ಆಗ ಅವರಿಗೆ ಇನ್ನೂ ನಲವತ್ತೂ ತುಂಬಿರ್ಲಿಲ್ಲ. ಗಣಿತದ ಶ್ರೀನಿವಾಸ ರಾಮಾನುಜನ್ ಕೂಡ 1912ರಲ್ಲಿ ಕ್ಲರ್ಕ್ ಕೆಲಸಕ್ಕೆ ಅರ್ಜಿ ಹಾಕುವಾಗ ಕೊಟ್ಟಿದ್ದು ಟ್ರಿಪ್ಲಿಕೇನ್ ಅಡ್ರೆಸ್ಸೇ. ನೊಬೆಲ್ ಬಂದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಓದಿದ ಹಿಂದೂ ಹೈಸ್ಕೂಲ್ ಇಲ್ಲೇ. 1878ರಲ್ಲಿ ಆರು ಜನ ಯುವಕರು ಸೇರ್ಕೊಂಡು ದಿ ಹಿಂದೂ ಪತ್ರಿಕೆ ಶುರು ಮಾಡಿದ್ರಲ್ಲ, ಅವರನ್ನ ಈಗಲೂ ಟ್ರಿಪ್ಲಿಕೇನ್ ಸಿಕ್ಸ್ ಅಂತಾನೇ ಕರೆಯೋದು. ಇಷ್ಟೆಲ್ಲಾ ಒಂದು ಬೀಚಿಂದ ಕೂಗಳತೆ ದೂರದಲ್ಲಿ.

ಬಿಸಿಲೇರಿದ ಮೇಲೆ ಪೈಕ್ರಾಫ್ಟ್ಸ್ ರೋಡ್‌ಗೆ ಬನ್ನಿ, ಈಗ ಅದಕ್ಕೆ ಭಾರತಿ ಸಾಲೈ ಅಂತ ಹೆಸರು. ಫುಟ್‌ಪಾತಲ್ಲಿ ಹಳೇ ಪುಸ್ತಕದ ಅಂಗಡಿಗಳಿರ್ತಾವೆ, ಮಕ್ಕಳು ಕಾಂಪಿಟಿಟಿವ್ ಎಕ್ಸಾಮ್‌ಗೆ ಓದ್ತಾ ಇದ್ರೆ ಕರ್ಕೊಂಡು ಹೋಗಿ. ಸಂಜೆಗೆ ಮತ್ತೆ ಬೀಚ್ ರೋಡ್‌ಗೆ ಬಂದು ಚೇಪಾಕ್ ಕಡೆ ನಡೆದ್ರೆ ಮದ್ರಾಸ್ ಯೂನಿವರ್ಸಿಟಿಯ ಸೆನೆಟ್ ಹೌಸ್ ಸಿಗುತ್ತೆ, 1879ರಲ್ಲಿ ಮುಗಿದಿದ್ದು, ಹೊರಗಿಂದ ನೋಡಿದ್ರೂ ಸಾಕು. ಅದರ ಎದುರು ಕಡೆ ಬೀಚಿನ ಅಂಚಲ್ಲಿ ನಾಲ್ಕು ಜನ ಬಂಡೆ ತಳ್ಳೋ ಕಂಚಿನ ಶಿಲ್ಪ ಇದೆ, ದೇವಿಪ್ರಸಾದ್ ರಾಯ್ ಚೌಧರಿ ಮಾಡಿದ್ದು, 1959ರಿಂದ ಅಲ್ಲೇ ಇದೆ, ಶ್ರಮದ ಗೆಲುವು ಅಂತ ಅದರ ಹೆಸರು. ಇಡೀ ದೇಶದಲ್ಲೇ ಮೊದಲ ಮೇ ಡೇ ಆಚರಿಸಿದ್ದು ಈ ಊರಲ್ಲಿ, 1923ರಲ್ಲಿ, ಸಿಂಗಾರವೇಲರ್ ಅವರ ಮುಂದಾಳತ್ವದಲ್ಲಿ, ಆವತ್ತು ಸಭೆ ಸೇರಿದ ಜಾಗಗಳಲ್ಲಿ ತಿರುವಲ್ಲಿಕ್ಕೇಣಿ ಬೀಚೂ ಒಂದು. ಕೆ.ಜಿ.ಎಫ್. ಗಣಿಯಲ್ಲಿ ತಾತ ಮುತ್ತಾತ ದುಡಿದ ಮನೆಯವರು ಆ ಶಿಲ್ಪದ ಮುಂದೆ ಐದು ನಿಮಿಷ ನಿಲ್ಲಿ. ಜನ ಸಮಾಧಿ ಹತ್ರ ಫೋಟೋ ತೆಗೆಸ್ಕೊಂಡು ಇದರ ಮುಂದೆ ಆಟೋದಲ್ಲಿ ಹೋಗ್ಬಿಡ್ತಾರೆ, ನನಗೆ ಅದು ಬೇಜಾರು.

ಮರೀನಾ ಬೀಚ್ ಮನುಷ್ಯರು ಮಾಡಿದ್ದು, ಮುಂಚೆ ಅಲ್ಲಿ ಅಷ್ಟು ಮರಳೇ ಇರ್ಲಿಲ್ಲ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ನಿಜಾನಾ? — ಶ್ರೀನಿವಾಸಪುರದ ಡಿಗ್ರಿ ವಿದ್ಯಾರ್ಥಿನಿ

ಹೆಚ್ಚುಕಮ್ಮಿ ನಿಜ ಕಣಮ್ಮ. ಬೇಕು ಅಂತ ಯಾರೂ ಮಾಡ್ಲಿಲ್ಲ, ಬಂದರು ಕಟ್ಟೋಕೆ ಹೋಗಿ ಬೀಚ್ ಬೆಳೀತು. ಈ ಕರಾವಳಿಯಲ್ಲಿ ವರ್ಷದ ಹೆಚ್ಚು ತಿಂಗಳು ಅಲೆಗಳು ಮರಳನ್ನ ದಕ್ಷಿಣದಿಂದ ಉತ್ತರಕ್ಕೆ ತಳ್ಕೊಂಡು ಹೋಗ್ತಾನೇ ಇರ್ತಾವೆ. 1870ರ ದಶಕದಲ್ಲಿ ಬಂದರಿಗೆ ಅಂತ ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಹಾಕೋಕೆ ಶುರು ಮಾಡಿದ್ರು, ನಡೀತಾ ಇದ್ದ ಮರಳಿಗೆ ಅದು ಅಡ್ಡ ಬಂತು. ಕಾಲುವೆಗೆ ಅಡ್ಡ ಕಟ್ಟೆ ಹಾಕಿದ್ರೆ ಮೇಲ್ಗಡೆ ಹೂಳು ತುಂಬಿ ಕೆಳಗಡೆ ಒಣಗುತ್ತಲ್ಲ ಹಾಗೇನೆ, ಗೋಡೆಯ ದಕ್ಷಿಣಕ್ಕೆ ಮರಳು ಸೇರ್ತಾ ಸೇರ್ತಾ ಸಮುದ್ರವನ್ನ ದೂರ ತಳ್ತು, ಉತ್ತರಕ್ಕೆ ರಾಯಪುರಂ ಕಡೆ ಮರಳು ಬರದೆ ದಡಾನೇ ಕೊಚ್ಚಿಕೊಂಡು ಹೋಯ್ತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಇಲ್ಲಿ ನಡೆಯೋ ದಾರಿ ಮಾಡಿಸಿ ಮರೀನಾ ಅಂತ ಹೆಸರಿಟ್ಟ. ಒಂದೇ ಗೋಡೆ ಒಂದು ಕಡೆ ಇಷ್ಟಗಲ ಬೀಚ್ ಕೊಡ್ತು, ಇನ್ನೊಂದು ಕಡೆ ಮೀನುಗಾರರ ಮನೆ ಬಾಗಿಲಿಗೆ ಸಮುದ್ರ ತಂದಿಟ್ಟಿತು. ಮರೀನಾ ನೋಡಿ ಖುಷಿಪಡೋರು ರಾಯಪುರಂ ಕಡೆ ಹಾಕಿರೋ ಕಲ್ಲುಬಂಡೆಗಳನ್ನೂ ಒಂದು ಸಲ ನೋಡ್ಬೇಕು ಅಂತ ನನ್ನ ಆಸೆ.

ಅದಕ್ಕಿಂತ ಮುಂಚೆ ಸಮುದ್ರ ರೋಡಿಗೆ ಎಷ್ಟು ಹತ್ರ ಇತ್ತು ಅನ್ನೋದಕ್ಕೆ ಐಸ್‌ಹೌಸೇ ಸಾಕ್ಷಿ. ಅಮೆರಿಕದ ಬಾಸ್ಟನ್ ಊರಿನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಅಲ್ಲಿನ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಐಸ್ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, ತಿಂಗಳುಗಟ್ಟಲೆ ಹಡಗಲ್ಲಿ ಇಲ್ಲಿಗೆ ಕಳಿಸ್ತಿದ್ದ, ಅದನ್ನ ಇಳಿಸಿ ಇಡೋಕೆ 1842ರಲ್ಲಿ ಕಟ್ಟಿದ ಗೋಡೌನ್ ಅದು. ನೀರಿನ ದಡದಿಂದ ಎತ್ಕೊಂಡು ಬರೋ ಅಷ್ಟರಲ್ಲಿ ಕರಗಬಾರದು ಅಂತಾನೇ ದಡದಲ್ಲಿ ಕಟ್ಟಿದ್ದು, ಈಗ ಅದೇ ಬಿಲ್ಡಿಂಗಿಂದ ನೀರು ಮುಟ್ಟೋಕೆ ಮರಳಲ್ಲಿ ಎಷ್ಟು ದೂರ ನಡೀಬೇಕು ಅನ್ನೋದನ್ನ ನೀವೇ ಹೋಗಿ ಹೆಜ್ಜೆ ಎಣಿಸಿ. ಕಲ್ಕತ್ತಾ, ಬಾಂಬೆಯಲ್ಲಿ ಇದ್ದ ಐಸ್‌ಹೌಸ್‌ಗಳು ಹೋದ್ವು, ಉಳಿದಿರೋದು ಇದೊಂದೇ.

ಇನ್ನೊಂದು ವಿಷಯ, ಸ್ವಲ್ಪ ಆಚೆಯದ್ದು, ಆದ್ರೂ ಹೇಳ್ತೀನಿ. ತಿರುವಲ್ಲಿಕ್ಕೇಣಿಯಲ್ಲಿ ಮೇಲೆ ಹೋಗೋ ಎಂ.ಆರ್.ಟಿ.ಎಸ್. ರೈಲಿನ ಕಂಬಗಳ ಕೆಳಗೆ ಕಪ್ಪು ನೀರಿನ ಒಂದು ಕಾಲುವೆ ಕಾಣುತ್ತೆ, ಮೂಗು ಮುಚ್ಕೊಂಡು ಹೋಗ್ತಾರೆ ಜನ. ಅದು ಬಕಿಂಗ್‌ಹ್ಯಾಮ್ ಕಾಲುವೆ. ಊರೊಳಗೆ ಕೂವಂ ನದಿಯಿಂದ ಅಡಯಾರ್ ನದಿವರೆಗಿನ ಸುಮಾರು ಎಂಟು ಕಿಲೋಮೀಟರ್ ತೋಡಿದ್ದು 1877-78ರಲ್ಲಿ, ಬರಗಾಲದ ಪರಿಹಾರದ ಕೂಲಿ ಕೆಲಸವಾಗಿ. ಆ ಬರ ಬೇರೆ ಯಾವುದೂ ಅಲ್ಲ, ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಕರೀತಿದ್ರಲ್ಲ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತಿದ್ದು, ಅದೇ. ನಮ್ಮ ಅಜ್ಜಿ ತೆಲುಗಲ್ಲಿ "ದಾತ ಕರುವು" ಅಂತ ಹೇಳ್ತಿದ್ದ ಕಥೆಗಳನ್ನ ನಾನು ಕೋಲಾರದ ಜಗಲಿ ಮೇಲೆ ಕೇಳಿದ್ದೆ, ಆ ಕಾಲುವೆ ಹಿನ್ನೆಲೆ ಓದಿದ ದಿನ ಸೇತುವೆ ಮೇಲೆ ತುಂಬಾ ಹೊತ್ತು ನಿಂತಿದ್ದೆ. ಹೊಟ್ಟೆಗೆ ಇಲ್ಲದವರು ಗುದ್ದಲಿ ಹಿಡಿದು ತೋಡಿದ ಕಾಲುವೆ ಇವತ್ತು ಚರಂಡಿ ಆಗಿದೆ, ಅದನ್ನ ನೋಡೋಕೆ ಯಾವ ಟೂರಿಸ್ಟ್ ಬಸ್ಸೂ ನಿಲ್ಲಿಸಲ್ಲ.

ಅಲ್ಲಿ ಕನ್ನಡಿಗರಿಗೆ, ಅದರಲ್ಲೂ ನಮ್ಮ ಸೀಮೆಯವರಿಗೆ ಸಂಬಂಧಪಟ್ಟದ್ದು ಏನಾದರೂ ಇದೆಯೇ? — ಮಾಲೂರಿನ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಿಮ್ಮ ತಾಲ್ಲೂಕಿಂದಾನೇ ಶುರು ಮಾಡ್ತೀನಿ. ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಂಗ್ಲಿಷ್ ಎಂ.ಎ. ಮಾಡಿದ್ದು ಮದ್ರಾಸ್ ಯೂನಿವರ್ಸಿಟಿಯಲ್ಲಿ, 1914ರಲ್ಲಿ. ಆಗ ಮೈಸೂರು ಯೂನಿವರ್ಸಿಟಿ ಇನ್ನೂ ಹುಟ್ಟಿರ್ಲಿಲ್ಲ, ಅದು ಬಂದಿದ್ದು 1916ಕ್ಕೆ, ನಮ್ಮ ಕಡೆಯ ಹುಡುಗರು ಡಿಗ್ರಿ ಬೇಕು ಅಂದ್ರೆ ಮದ್ರಾಸ್ ಮುದ್ರೆಯೇ ಬೀಳ್ಬೇಕಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಾದ್ರೂ 1881ರ ಅವರ ಬಿ.ಎ. ಮದ್ರಾಸ್ ಯೂನಿವರ್ಸಿಟಿದೇ. ಆ ಸೆನೆಟ್ ಹೌಸ್ ಗುಮ್ಮಟಗಳನ್ನ ನೋಡುವಾಗ ಇದು ನೆನಪಿರಲಿ.

ಐಸ್‌ಹೌಸ್‌ಗೆ ವಿವೇಕಾನಂದರ ಹೆಸರು ಬಂದಿದ್ದು 1897ರ ಫೆಬ್ರವರಿಯಲ್ಲಿ ಅವರು ವಿದೇಶದಿಂದ ವಾಪಸ್ ಬಂದಾಗ ಒಂಬತ್ತು ದಿನ ಅಲ್ಲಿ ಉಳ್ಕೊಂಡಿದ್ದಕ್ಕೆ. ಐಸ್ ವ್ಯಾಪಾರ ನಿಂತು ಅಷ್ಟೊತ್ತಿಗೆ ಅದು ಬಿಳಿಗಿರಿ ಅಯ್ಯಂಗಾರ್ ಅನ್ನೋ ವಕೀಲರ ಮನೆ ಆಗಿತ್ತು. ಆದ್ರೆ ವಿವೇಕಾನಂದರು ಶಿಕಾಗೋಗೆ ಹೋಗೋಕೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಅಳಸಿಂಗ ಪೆರುಮಾಳ್. 1865ರಲ್ಲಿ ನಮ್ಮ ಚಿಕ್ಕಮಗಳೂರಲ್ಲಿ ಹುಟ್ಟಿದ ಮಂಡಯಂ ಅಯ್ಯಂಗಾರ್, ತಿರುವಲ್ಲಿಕ್ಕೇಣಿಯಲ್ಲಿ ಬೆಳೆದು ಸ್ಕೂಲ್ ಮೇಷ್ಟ್ರಾದವರು. ನಿಮ್ಮ ಹಾಗೆ ಪಾಠ ಹೇಳ್ಕೊಂಡು ಸಂಬಳದಲ್ಲಿ ಸಂಸಾರ ನಡೆಸ್ತಿದ್ದ ಮನುಷ್ಯ, 1893ರಲ್ಲಿ ಮನೆ ಮನೆ ಬಾಗಿಲಿಗೆ ಹೋಗಿ ಚಂದಾ ಎತ್ತಿ ಸ್ವಾಮೀಜಿನ ಕಳಿಸಿಕೊಟ್ರು. 1909ರಲ್ಲಿ ಇನ್ನೂ ಚಿಕ್ಕ ವಯಸ್ಸಲ್ಲೇ ತೀರಿಹೋದ್ರು. ಶಿಕಾಗೋ ಭಾಷಣ ಎಲ್ಲರಿಗೂ ಗೊತ್ತು, ಚಂದಾ ಎತ್ತಿದ ಮೇಷ್ಟ್ರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತಿದೆ ಹೇಳಿ. ನಿಮ್ಮ ಸ್ಟೂಡೆಂಟ್ಸ್‌ಗೆ ದಯವಿಟ್ಟು ಹೇಳಿ.

ಇನ್ನೊಬ್ಬರು ಇದ್ದಾರೆ, ಅವರು ಸ್ನೇಹಕ್ಕೆ ಬಂದವರಲ್ಲ. ಚೇಪಾಕ್ ಅರಮನೆ ಅಂತ ಇದೆ, ಕ್ರಿಕೆಟ್ ಸ್ಟೇಡಿಯಂ ಹತ್ರ, ಸರ್ಕಾರಿ ಆಫೀಸುಗಳ ಹಿಂದೆ ಮುಚ್ಚಿಹೋಗಿದೆ. ಆರ್ಕಾಟ್ ನವಾಬ ಮುಹಮ್ಮದ್ ಅಲಿ ವಾಲಾಜಾ 1768ರಲ್ಲಿ ಕಟ್ಟಿಸಿದ್ದು. ಹೊಸ ಅರಮನೆಗೆ ಸುಣ್ಣ ಒಣಗೋ ಅಷ್ಟರಲ್ಲಿ, ಮಾರನೇ ವರ್ಷವೇ, ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಕುದುರೆ ಪಡೆ ತಗೊಂಡು ಮದ್ರಾಸ್ ಬಾಗಿಲಿಗೆ ಬಂದು ನಿಂತಿದ್ದ. ಇಂಗ್ಲಿಷರು ಬೇರೆ ದಾರಿ ಇಲ್ಲದೆ ಒಪ್ಪಂದ ಮಾಡ್ಕೊಂಡ್ರು, 1769ರ ಮದ್ರಾಸ್ ಒಪ್ಪಂದ ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ ಅದು. ಆ ಅರಮನೆಯ ಒಂದು ಭಾಗ 2012ರಲ್ಲಿ ಬೆಂಕಿಗೆ ಸುಟ್ಟಿತ್ತು, ಆಮೇಲೆ ರಿಪೇರಿ ಮಾಡಿದ್ದಾರೆ. ಮರೀನಾ ರೋಡಿಂದ ಕೆಂಪು ಗುಮ್ಮಟಗಳು ಕಾಣ್ತಾವೆ.

ಸರ್ವಜ್ಞನ ಪ್ರತಿಮೆನೂ ಚೆನ್ನೈನಲ್ಲಿದೆ, 2009ರಲ್ಲಿ ಬೆಂಗಳೂರಿನ ಹಲಸೂರಲ್ಲಿ ತಿರುವಳ್ಳುವರ್ ಪ್ರತಿಮೆ ತೆರೆದಾಗ ಚೆನ್ನೈನಲ್ಲಿ ಇದನ್ನ ತೆರೆದಿದ್ದು. ಅದು ಅಯನಾವರಂನಲ್ಲಿ, ಬೀಚಿಂದ ದೂರ, ಟೈಮ್ ಇದ್ರೆ ಹೋಗಿ.

ಬೀಚ್ ಪಕ್ಕ ಮೀನುಗಾರರ ಕುಪ್ಪಂಗಳಿವೆಯಲ್ಲ, ಒಳಗೆ ಹೋಗಿ ನೋಡಬಹುದಾ? ಮೀನು ತರಬಹುದಾ? — ಕೆ.ಜಿ.ಎಫ್., ರಾಬರ್ಟ್‌ಸನ್‌ಪೇಟೆ

ಹೋಗಬಹುದು, ಆದ್ರೆ ಅದು ನೋಡೋ ಜಾಗ ಅಲ್ಲ ಅಣ್ಣ, ಜನರ ಮನೆ. ಕೆ.ಜಿ.ಎಫ್. ಲೈನ್ ಮನೆಗಳಿಗೆ ಯಾರೋ ಕ್ಯಾಮೆರಾ ಹಿಡ್ಕೊಂಡು ಬಂದ್ರೆ ನಿಮಗೆ ಹೇಗನ್ಸುತ್ತೋ ಅವರಿಗೂ ಹಾಗೇನೆ. ಲೈಟ್‌ಹೌಸ್ ದಾಟಿ ದಕ್ಷಿಣಕ್ಕೆ ಲೂಪ್ ರೋಡ್ ಅಂತ ಇದೆ, ನೊಚ್ಚಿಕುಪ್ಪಂ ಮುಂದೆ ಹಾದುಹೋಗುತ್ತೆ. ಮುಂಚೆ ರೋಡಿನ ಎರಡೂ ಕಡೆ ಹೆಂಗಸರು ಕೂತು ಮೀನು ಮಾರ್ತಿದ್ರು, 2024ರಲ್ಲಿ ಅಲ್ಲೇ ಮಾರ್ಕೆಟ್ ಕಟ್ಟಿ ಕೊಟ್ಟಿದ್ದಾರೆ. ಬೆಳಿಗ್ಗೆ ಬೋಟ್ ದಡಕ್ಕೆ ಬರೋ ಹೊತ್ತಿಗೆ ಹೋಗಿ, ದೂರ ನಿಂತು ನೋಡಿ, ಫೋಟೋ ಬೇಕಾದ್ರೆ ಕೇಳಿ ತೆಗೀರಿ.

ಮರೀನಾ ಮರೀನಾ ಆಗೋದಕ್ಕಿಂತ ಎಷ್ಟೋ ಮುಂಚಿಂದ ಇರೋರು ಇವರು. ಅವರ ಹಳೇ ದೋಣಿಗೆ ಕಟ್ಟುಮರಂ ಅಂತ ಹೆಸರು, ಮರದ ದಿಮ್ಮಿಗಳನ್ನ ಹಗ್ಗದಲ್ಲಿ ಕಟ್ಟಿದ್ದು, ಕನ್ನಡದಲ್ಲೂ ಕಟ್ಟು, ಮರ, ಅಷ್ಟೇ, ಇಂಗ್ಲಿಷರು ಅದನ್ನೇ ಕಟಮರಾನ್ ಅಂತ ಲೋಕಕ್ಕೆಲ್ಲಾ ಹಂಚಿದ್ರು. ಈಗ ಹೆಚ್ಚಾಗಿ ಫೈಬರ್ ಬೋಟು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮೊದಲು ಪೆಟ್ಟು ಬಿದ್ದಿದ್ದು ಈ ಮನೆಗಳಿಗೇ. ನಾನು ಮೀನು ತಗೋತಿದ್ದ ಅಮ್ಮ ಒಬ್ಬರು ಆ ದಿನದ ಬಗ್ಗೆ ಒಂದೇ ಒಂದು ಸಲ ಮಾತಾಡಿದ್ರು, ಆಮೇಲೆ ನಾನೂ ಕೇಳ್ಲಿಲ್ಲ.

ಮೀನು ತರೋದಾದ್ರೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನು ಮರಿ ಮಾಡೋ ಕಾಲ ಅಂತ ದೊಡ್ಡ ಮೆಷಿನ್ ಬೋಟುಗಳಿಗೆ ನಿಷೇಧ, ಆಗ ರೇಟ್ ಜಾಸ್ತಿ. ನಮ್ಮ ಕೆರೆ ಮೀನು, ಕಾಟ್ಲಾ ರೋಹು ತಿಂದು ಅಭ್ಯಾಸ ಇರೋರಿಗೆ ವಂಜರಂ ಸುಲಭ, ಮುಳ್ಳು ಕಮ್ಮಿ. ನೆತ್ತಿಲಿ ಪುಟ್ಟ ಮೀನು, ಹುರಿದ್ರೆ ಮಕ್ಕಳು ಬಿಡಲ್ಲ. ಕ್ಲೀನ್ ಮಾಡಿಸಿ, ಐಸ್ ಹಾಕಿಸಿ, ಥರ್ಮಾಕೋಲ್ ಬಾಕ್ಸಲ್ಲಿ ಟೇಪ್ ಸುತ್ತಿಸಿ, ಟ್ರೈನಲ್ಲಿ ಪಕ್ಕದವರಿಗೆ ವಾಸನೆ ಹೊಡೀಬಾರದು.

ನಾವು ಎಂಟು ಜನ ಫ್ರೆಂಡ್ಸ್ ಹೋಗ್ತಿದ್ದೀವಿ, ಮರೀನಾದಲ್ಲಿ ಈಜಬಹುದಾ? ನಮ್ಮಲ್ಲಿ ಎಲ್ರಿಗೂ ಬಾವಿಯಲ್ಲಿ ಈಜು ಬರುತ್ತೆ. — ಚಿಂತಾಮಣಿ

ಬೇಡ. ಅಲ್ಲಿ ಈಜೋದಕ್ಕೆ ನಿಷೇಧ ಇದೆ, ಪೊಲೀಸರು ಶಿಳ್ಳೆ ಹೊಡೀತಾನೇ ಇರ್ತಾರೆ, ಆದ್ರೂ ಜನ ಇಳೀತಾರೆ. ಬಾವಿ ನೀರು ನಿಂತಿರುತ್ತೆ, ಈ ನೀರು ಎಳೆಯುತ್ತೆ. ಮರೀನಾದಲ್ಲಿ ದಡ ಇದ್ದಕ್ಕಿದ್ದಂಗೆ ಆಳ ಆಗುತ್ತೆ, ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೇ ಕಿತ್ಕೊಂಡು ಹೋಗುತ್ತೆ. ನನ್ನ ರೂಮಲ್ಲಿದ್ದ ಹುಡುಗ ಒಬ್ಬ, ಕೆರೆಯಲ್ಲಿ ಈಜಿ ಬೆಳೆದವನು, ಸೊಂಟದ ಮಟ್ಟಕ್ಕೆ ನಿಂತಿದ್ದವನು ಕಣ್ಣೆದುರಿಗೇ ಮಾಯ ಆಗ್ಬಿಟ್ಟ, ಬಲೆ ಎಳೀತಿದ್ದ ಇಬ್ಬರು ಮೀನುಗಾರರು ಹಾರಿ ತಲೆಗೂದಲು ಹಿಡಿದು ಎಳ್ಕೊಂಡು ಬಂದ್ರು. ಅವರು ಅಲ್ಲಿ ಇಲ್ದಿದ್ರೆ ಅವನ ಅಪ್ಪ ಅಮ್ಮನಿಗೆ ನಾನು ಏನು ಹೇಳ್ಬೇಕಿತ್ತು ಅಂತ ಈಗಲೂ ಎದೆ ಹೊಡ್ಕೊಳುತ್ತೆ. ಎಂಟು ಜನ ಹೋಗಿ ಎಂಟು ಜನ ವಾಪಸ್ ಬನ್ನಿ ತಮ್ಮಂದಿರಾ. ಜನವರಿಯಿಂದ ಮಾರ್ಚ್ ಒಳಗೆ ಹೋಗೋದಾದ್ರೆ ಅದಕ್ಕಿಂತ ಒಳ್ಳೇದು ಹೇಳ್ತೀನಿ, ಆಗ ಆಲಿವ್ ರಿಡ್ಲಿ ಆಮೆಗಳು ಈ ದಡಕ್ಕೆ ಮೊಟ್ಟೆ ಇಡೋಕೆ ಬರ್ತಾವೆ, 1988ರಿಂದ ವಿದ್ಯಾರ್ಥಿಗಳ ಒಂದು ತಂಡ ರಾತ್ರಿ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ನಡೆದು ಆ ಮೊಟ್ಟೆಗಳನ್ನ ಕಾಪಾಡ್ತಾ ಬಂದಿದ್ದಾರೆ, ವೀಕೆಂಡಲ್ಲಿ ಹೊರಗಿನವರನ್ನೂ ಜೊತೆಗೆ ಕರ್ಕೊಂಡು ಹೋಗ್ತಾರೆ. ರಾತ್ರಿಯೆಲ್ಲಾ ನಡೀಬೇಕು, ಆಮೆ ಕಾಣದೇ ಇರಬಹುದು, ಆದ್ರೂ ಹೋಗಿ.

ಉಳ್ಕೊಳ್ಳೋಕೆ, ಊಟಕ್ಕೆ ಹೇಗೆ? ನಾವು ರಂಜಾನ್ ತಿಂಗಳಲ್ಲಿ ಹೋಗ್ಬೇಕು ಅಂತಿದ್ದೀವಿ. — ಮುಳಬಾಗಿಲು

ತಿರುವಲ್ಲಿಕ್ಕೇಣಿ ಅಂದ್ರೆ ಮ್ಯಾನ್ಷನ್. ಹೆಸರು ಕೇಳಿ ಬಂಗಲೆ ಅಂದ್ಕೊಬೇಡಿ, ಹೊರಊರಿಂದ ಕೆಲಸ ಹುಡುಕ್ಕೊಂಡು ಬಂದ ಗಂಡಸರು ಇರೋ ಸಾಲು ರೂಮುಗಳು, ಬೆಳಿಗ್ಗೆ ಬಕೆಟ್ ಹಿಡಿದು ಕ್ಯೂ, ಕಾರಿಡಾರ್ ತುಂಬಾ ಒಣಗೋ ಷರ್ಟು. ಫ್ಯಾಮಿಲಿಗೆ ಆಗಲ್ಲ. ಫ್ಯಾಮಿಲಿಯವರು ಅದೇ ಏರಿಯಾದ ಸಾಧಾರಣ ಲಾಡ್ಜ್ ನೋಡ್ಕೊಳ್ಳಿ. ಟಿಫನ್‌ಗೆ ರತ್ನಾ ಕೆಫೆ ಅಂತ ಹಳೇ ಹೋಟೆಲ್, ಇಡ್ಲಿ ಮುಳುಗೋ ಅಷ್ಟು ಸಾಂಬಾರ್ ಸುರೀತಾರೆ, ನಮ್ಮ ಕಡೆ ಸಾಂಬಾರಿಗಿಂತ ತೆಳು, ರುಚಿ ಬೇರೆ. ಬೀಚಲ್ಲಿ ಪಟ್ಟಾಣಿ ಸುಂಡಲ್ ತಿನ್ನಿ, ನಮ್ಮ ಗುಗ್ಗರಿಗೆ ಮಾವಿನಕಾಯಿ ತೆಂಗಿನಕಾಯಿ ಚೂರು ಹಾಕಿದ ಹಾಗೆ.

ರಂಜಾನ್‌ನಲ್ಲಿ ಹೋದ್ರೆ ನೀವು ಪುಣ್ಯವಂತರು. ತಿರುವಲ್ಲಿಕ್ಕೇಣಿ ಹೈ ರೋಡಲ್ಲಿ ವಾಲಾಜಾ ದೊಡ್ಡ ಮಸೀದಿ ಇದೆ, 1795ರದ್ದು, ಮರ ಕಬ್ಬಿಣ ಮುಟ್ಟದೆ ಪೂರ್ತಿ ಕಲ್ಲಲ್ಲಿ ಕಟ್ಟಿದ್ದು ಅಂತಾರೆ. ಒಳಗೆ ಕಲ್ಲಿನ ಮೇಲಿರೋ ಪರ್ಷಿಯನ್ ಸಾಲುಗಳನ್ನ ಬರೆದವರು ನವಾಬನ ಹತ್ರ ಮುನ್ಷಿ ಆಗಿದ್ದ ಒಬ್ಬ ಹಿಂದೂ, ಮಖನ್ ಲಾಲ್. ಇವತ್ತಿಗೂ ಅಲ್ಲಿ ಉಪವಾಸ ಬಿಡೋ ಹೊತ್ತಿಗೆ ಬಡಿಸೋರು ಮೈಲಾಪುರದ ಸೂಫಿದಾರ್ ಟ್ರಸ್ಟಿನ ಸಿಂಧಿ ಹಿಂದೂ ಸ್ವಯಂಸೇವಕರು, ತಾವೇ ಅಡುಗೆ ಮಾಡಿಸಿ ಗಾಡಿಯಲ್ಲಿ ತಂದು ಬಡಿಸ್ತಾರೆ, ಎಷ್ಟೋ ವರ್ಷಗಳಿಂದ ನಡ್ಕೊಂಡು ಬಂದಿದೆ. ಮುಳಬಾಗಿಲಲ್ಲಿ ಹೈದರ್ ವಲಿ ದರ್ಗಾಕ್ಕೆ ಎಲ್ಲಾ ಜಾತಿಯವರೂ ಹೋಗೋದನ್ನ ನೋಡಿರೋ ನಿಮಗೆ ಅದು ಮನೆ ಥರಾನೇ ಅನ್ಸುತ್ತೆ.

ಅಮ್ಮನಿಗೆ 78 ವರ್ಷ, ಮಂಡಿ ಆಪರೇಷನ್ ಆಗಿ ನಡೆಯೋಕಾಗಲ್ಲ, ವೀಲ್‌ಚೇರ್. ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ. ಮರಳಲ್ಲಿ ಕರ್ಕೊಂಡು ಹೋಗೋಕೆ ದಾರಿ ಇದೆಯಾ? — ಬೇತಮಂಗಲ

ಇದೆ. ನಿಮ್ಮ ಕಾಗದ ಓದಿದ ತಕ್ಷಣ ಉತ್ತರ ಬರೀಬೇಕು ಅನ್ನಿಸ್ತು. ವಿವೇಕಾನಂದ ಹೌಸ್ ಎದುರಿಗೇ ರೋಡಿಂದ ನೀರಿನ ಹತ್ರದವರೆಗೆ ಮರಳ ಮೇಲೆ ಮರದ ಹಲಗೆ ದಾರಿ ಮಾಡಿದ್ದಾರೆ, ವೀಲ್‌ಚೇರ್‌ಗೆ ಅಂತಾನೇ, 2022ರ ನವೆಂಬರಲ್ಲಿ ಶುರುವಾಯ್ತು. ಅಂಗವಿಕಲರು ವರ್ಷಗಟ್ಟಲೆ ಕೇಳಿ ಕೇಳಿ ಪಡ್ಕೊಂಡಿದ್ದು ಅದು. ಶುರುವಾದ ಎರಡೇ ವಾರಕ್ಕೆ ಮಾಂಡೂಸ್ ಚಂಡಮಾರುತ ಬಂದು ಕಿತ್ತುಹಾಕ್ತು, ಮತ್ತೆ ಸರಿ ಮಾಡಿದ್ರು. ಅಕ್ಟೋಬರಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆಗಾಲ, ಆ ಮೂರು ತಿಂಗಳು ಬಿಡಿ, ಏಪ್ರಿಲ್ ಮೇ ಸೆಕೆ ವಯಸ್ಸಾದವರಿಗೆ ಆಗಲ್ಲ, ಜನವರಿ ಫೆಬ್ರವರಿ ಒಳ್ಳೇದು. ಸೆಂಟ್ರಲ್ ಸ್ಟೇಷನ್‌ನಿಂದ ಆಟೋ ಬೇಡ, ವೀಲ್‌ಚೇರ್ ಹಿಡಿಸೋ ಕಾರ್ ಮಾಡ್ಕೊಳ್ಳಿ. ಭಾನುವಾರ ಸಂಜೆ ಹೋಗ್ಬೇಡಿ, ಹಲಗೆ ಮೇಲೆಲ್ಲಾ ಜನ ನಿಂತು ಸೆಲ್ಫಿ ತಗೋತಿರ್ತಾರೆ, ವಾರದ ಮಧ್ಯೆ ಬೆಳಗಿನ ಹೊತ್ತು ಹೋಗಿ. ಲೈಟ್‌ಹೌಸ್‌ಗೂ ಲಿಫ್ಟ್ ಇದೆ, ಸೋಮವಾರ ರಜೆ, ಮೇಲಿನ ಗ್ಯಾಲರಿಗೆ ಕೊನೆಯಲ್ಲಿ ಸ್ವಲ್ಪ ಮೆಟ್ಟಿಲು ಇರೋದ್ರಿಂದ ಅಮ್ಮನಿಗೆ ಅದು ಬೇಡ, ಬೀಚೇ ಸಾಕು.

ನೀವು ಬೇತಮಂಗಲದವರು, ನಿಮ್ಮ ಕೆರೆ ಪಾಲಾರ್ ಮೇಲೆ ಕಟ್ಟಿದ್ದು. ನಂದಿ ಬೆಟ್ಟದ ಕಡೆ ಹುಟ್ಟಿ ನಿಮ್ಮೂರು ದಾಟಿ ತಮಿಳುನಾಡಿಗೆ ಹೋಗೋ ಆ ನದಿ ಚೆನ್ನೈಗೆ ದಕ್ಷಿಣದಲ್ಲಿ, ಕಲ್ಪಾಕ್ಕಂ ಹತ್ರ, ಇದೇ ಸಮುದ್ರ ಸೇರುತ್ತೆ. ಕೆರೆ ಕೋಡಿ ಬಿದ್ದ ವರ್ಷ ನೀರು ಎಲ್ಲಿಗೆ ಹೋಗುತ್ತೆ ಅಂತ ಅಮ್ಮ ಯಾವಾಗಲಾದ್ರೂ ಕೇಳಿದ್ರೆ, ಆ ಹಲಗೆ ತುದಿಯಲ್ಲಿ ವೀಲ್‌ಚೇರ್ ಬ್ರೇಕ್ ಹಾಕಿ ನಿಲ್ಲಿಸಿ, ಬಲಗೈ ಕಡೆ ತೋರಿಸಿ. ಒಂದು ಬಾಟಲ್ ಜೊತೆಗಿರಲಿ, ಅಲೆ ಹತ್ರ ಬರ್ದಿದ್ರೆ ನೀವೇ ಹೋಗಿ ನೀರು ತಂದು ಅವರ ಪಾದದ ಮೇಲೆ ಹಾಕಿ.